‘ಅವೆ ಅಕ್ಕ’ ಎಂದಿದ್ದೆ

ಜುಲೈ ಕೊನೆಯಲ್ಲಿ ನಾಗಮಂಗಲದ ಕಡೆಯ ಒಂದು ಹಳ್ಳಿಯಿಂದ ಫೋನ್ ಬಂತು. ನನ್ನ ಸಂಶೋಧನೆಗೆ ಸೋಬಾನೆ ಪದಗಳನ್ನು ಹಾಡಿಕೊಟ್ಟಿದ್ದ ಅಜ್ಜಿ ತೀರಿಕೊಂಡಿದ್ದರು. ತಿಥಿಯೂ ಮುಗಿದಿತ್ತು. ಅವರ ಸೊಸೆ ಹೆಚ್ಚೇನೂ ಮಾತಾಡಲಿಲ್ಲ. “ನಮ್ಮತ್ತೆ ಹಾಡು ನಿನ್ ತಾವ ಅವಲ್ವೇನವ್ವ?” ಎಂದು ಕೇಳಿದರು. “ಅವೆ ಅಕ್ಕ, ಎಲ್ಲ ಜೋಪಾನವಾಗಿ ಅವೆ” ಎಂದೆ. ಹಾಗೆ ಹೇಳಲು ಒಂದು ಕ್ಷಣವೂ ಯೋಚಿಸಲಿಲ್ಲ.

ಹತ್ತು ಹನ್ನೆರಡು ದಿನಗಳ ನಂತರ, ಮಾರ್ಗದರ್ಶಕರಿಗೆ ಒಂದು ಪದ ಕೇಳಿಸೋಣವೆಂದು ವಿಭಾಗದ ಕಂಪ್ಯೂಟರಿನಲ್ಲಿ ನನ್ನ ಕ್ಲೌಡ್ ಖಾತೆ ತೆರೆದೆ. ಅಜ್ಜಿಯ ಹೆಸರಿನ ಫೋಲ್ಡರ್ ಇತ್ತು. ಅದರಲ್ಲಿ ಮಾರ್ಚ್ ತಿಂಗಳ ನಾಲ್ಕು ಫೈಲುಗಳು ಮಾತ್ರ ಇದ್ದವು. ಮೇ, ಜೂನ್‌ನಲ್ಲಿ ಮಾಡಿಕೊಂಡ ರೆಕಾರ್ಡಿಂಗ್ ಒಂದೂ ಇರಲಿಲ್ಲ. ಉಳಿದ ಫೋಲ್ಡರುಗಳಲ್ಲೂ ಜೂನ್ 8ರ ಈಚೆಗೆ ಏನೂ ಸೇರಿರಲಿಲ್ಲ.

ಸಂಜೆ ಹಾಸ್ಟೆಲಿಗೆ ಬಂದು ಲ್ಯಾಪ್‌ಟಾಪ್ ತೆರೆದೆ. ಪರದೆಯ ಕೆಳಗೆ ಬಲಮೂಲೆಯಲ್ಲಿ ಬ್ಯಾಕಪ್ ತಂತ್ರಾಂಶದ ಪುಟ್ಟ ಗುರುತು ಬೂದುಬಣ್ಣಕ್ಕೆ ತಿರುಗಿತ್ತು. ಎಷ್ಟು ದಿನದಿಂದ ಹಾಗಿತ್ತೋ! ಒತ್ತಿದರೆ, ಮತ್ತೆ ಲಾಗಿನ್ ಆಗಿ ಎಂದಿತು. ಆಗ ನೆನಪಾಯಿತು. ಜೂನ್‌ನಲ್ಲಿ ಯಾವುದೋ ಅನುಮಾನಾಸ್ಪದ ಮೇಲ್ ಬಂತೆಂದು ಪಾಸ್‌ವರ್ಡ್ ಬದಲಾಯಿಸಿದ್ದೆ. ಪಾಸ್‌ವರ್ಡ್ ಬದಲಾದರೆ ಹಳೆಯ ಲಾಗಿನ್‌ಗಳು ರದ್ದಾಗುವುದುಂಟು. ಹೊಸದನ್ನು ಕೊಡುವವರೆಗೆ ಬ್ಯಾಕಪ್ ನಿಂತೇ ಇರುತ್ತದೆ. ಅದು ನನಗೆ ತಿಳಿಸಲು ಪ್ರಯತ್ನಿಸಿಯೂ ಇರಬೇಕು. ಆದರೆ ಮೂರನೆಯ ಅಧ್ಯಾಯ ಬರೆಯುವಾಗ ಯಾರೂ ತೊಂದರೆ ಕೊಡಬಾರದೆಂದು ಲ್ಯಾಪ್‌ಟಾಪಿನ ಎಲ್ಲ ನೋಟಿಫಿಕೇಶನ್‌ಗಳನ್ನು ನಾನೇ ಬಂದ್ ಮಾಡಿದ್ದೆ.

ಲಾಗಿನ್ ಆದೆ. ಸ್ವಲ್ಪ ಹೊತ್ತು ತಿರುಗಿ, ಜಾಗ ಸಾಲದು ಎಂದಿತು. ನಾನು ರೆಕಾರ್ಡ್ ಮಾಡುವುದು ವೇವ್ ಫೈಲುಗಳಲ್ಲಿ: 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೊ. ಒಂದು ಗಂಟೆಯ ಹಾಡಿಗೆ ಸುಮಾರು ಒಂದು ಜಿಬಿ ಬೇಕು. ಪುಕ್ಕಟೆ ಸಿಕ್ಕ 15 ಜಿಬಿ ಎಂದೋ ತುಂಬುತ್ತ ಬಂದಿತ್ತು. ದುಡ್ಡು ಕಟ್ಟಿ ಜಾಗ ಕೊಂಡೆ. (ಫೆಲೋಶಿಪ್ ಕೂಡ ಹೀಗೆಯೇ, ನಿಂತಾಗ ನಿಂತಿದೆ ಎಂದು ಯಾರೂ ಹೇಳುವುದಿಲ್ಲ.) ರಾತ್ರಿಯಿಡೀ ಹಾಸ್ಟೆಲಿನ ವೈಫೈನಲ್ಲಿ ಫೈಲುಗಳು ಹೋಗುತ್ತಲೇ ಇದ್ದವು. ಬೆಳಿಗ್ಗೆ ಎದ್ದು ನೋಡಿದರೆ ಹಸಿರು ಟಿಕ್ ಬಂದಿತ್ತು.

ಖಾತೆ ತೆರೆದು ನೋಡಿದೆ. ಅಜ್ಜಿಯ ಫೋಲ್ಡರಿನಲ್ಲಿ ಅದೇ ನಾಲ್ಕು ಫೈಲುಗಳು.

ಹಸಿರು ಟಿಕ್ ಸುಳ್ಳು ಹೇಳಿರಲಿಲ್ಲ. ಏಪ್ರಿಲ್‌ನಲ್ಲಿ ಸಿ ಡ್ರೈವ್ ತುಂಬಿತೆಂದು ರೆಕಾರ್ಡಿಂಗುಗಳನ್ನೆಲ್ಲ ಡಿ ಡ್ರೈವ್‌ಗೆ ಸಾಗಿಸಿದ್ದೆ. ತಂತ್ರಾಂಶ ಕಾಯುವುದು ನಾವು ತೋರಿಸಿದ ಫೋಲ್ಡರುಗಳನ್ನು ಮಾತ್ರ. ಹೊಸ ಜಾಗವನ್ನು ನಾನು ತೋರಿಸಿರಲೇ ಇಲ್ಲ. ‘ನೀನು ನೋಡಿಕೋ ಎಂದದ್ದೆಲ್ಲ ಕ್ಷೇಮ’ ಎಂದಷ್ಟೇ ಅದು ಹೇಳಿತ್ತು. ‘ಎಲ್ಲವೂ ಕ್ಷೇಮ’ ಎಂದು ಓದಿಕೊಂಡವಳು ನಾನು.

ಏನೂ ಕಳೆದುಹೋಗಿರಲಿಲ್ಲ. ಡಿ ಡ್ರೈವಿನಲ್ಲಿ ಎಲ್ಲವೂ ಇದ್ದವು. ಆದರೆ ಪ್ರತಿ ಸಲ ಊರಿಂದ ಬಂದು ಫೈಲುಗಳನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡ ಮೇಲೆ, ‘ಹೇಗೂ ಬ್ಯಾಕಪ್ ಇದೆ’ ಎಂದು ರೆಕಾರ್ಡರಿನ ಕಾರ್ಡನ್ನು ಅಳಿಸಿಬಿಡುತ್ತಿದ್ದೆ. ಅಂದರೆ ಎರಡು ತಿಂಗಳಿಗೂ ಹೆಚ್ಚು ಕಾಲ ಆ ಪದಗಳ ಒಂದೇ ಒಂದು ಪ್ರತಿ, ಮೈಸೂರು ನಾಗಮಂಗಲದ ನಡುವಿನ ಬಸ್ಸಿನಲ್ಲಿ, ಸೀಟಿನ ಮೇಲಿನ ಕಂಬಿಯ ಮೇಲೆ, ನನ್ನ ಬ್ಯಾಗಿನೊಳಗೆ ಓಡಾಡಿಕೊಂಡಿತ್ತು. ಮತ್ತೆ ಹಾಡಿಸೋಣವೆಂದರೆ ಹಾಡುವವರು ಇಲ್ಲ.

ಹಾಗಾದರೆ ಸೊಸೆಗೆ ‘ಅವೆ ಅಕ್ಕ’ ಎಂದದ್ದು ಸುಳ್ಳೇ? ಅಲ್ಲ. ಹಾಡುಗಳು ಇದ್ದವು. ಆದರೂ ಆ ಮಾತು ನನ್ನನ್ನು ಬಿಡಲಿಲ್ಲ.

ಇಂಗ್ಲೆಂಡಿನ ಗಣಿತಜ್ಞ ಡಬ್ಲ್ಯು. ಕೆ. ಕ್ಲಿಫರ್ಡ್ 1877ರಲ್ಲಿ ‘ನಂಬಿಕೆಯ ನೀತಿ’ಯ ಬಗ್ಗೆ ಒಂದು ಪ್ರಬಂಧ ಬರೆದ. ಅದರಲ್ಲೊಬ್ಬ ಹಡಗಿನ ಮಾಲೀಕ. ಹಡಗು ಹಳೆಯದು, ರಿಪೇರಿ ಬೇಕಾಗಿರಬಹುದು ಎಂಬ ಅನುಮಾನ ಅವನಿಗಿದೆ. ಇಷ್ಟು ಸಲ ಹೋಗಿ ಬಂದಿದೆಯಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ವಲಸೆ ಹೊರಟವರನ್ನು ಹತ್ತಿಸಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಅವನು ತಪ್ಪಿತಸ್ಥ ಎನ್ನಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಕ್ಲಿಫರ್ಡ್ ಅಲ್ಲಿಗೆ ಬಿಡುವುದಿಲ್ಲ. ಅದೇ ಹಡಗು ಮುಳುಗದೆ ಕ್ಷೇಮವಾಗಿ ದಡ ಸೇರಿದ್ದರೆ ಅವನ ತಪ್ಪು ಕಡಿಮೆಯಾಗುತ್ತಿತ್ತೇ ಎಂದು ಕೇಳುತ್ತಾನೆ. ಎಳ್ಳಷ್ಟೂ ಇಲ್ಲ ಎಂಬುದು ಅವನ ಉತ್ತರ. ನಂಬಿದ್ದು ನಿಜವೋ ಸುಳ್ಳೋ ಎಂಬುದಲ್ಲ ಪ್ರಶ್ನೆ. ಕಣ್ಣೆದುರಿನ ಆಧಾರದ ಮೇಲೆ ಹಾಗೆ ನಂಬುವ ಹಕ್ಕು ಅವನಿಗಿತ್ತೇ ಎಂಬುದು.

ಎಂ.ಎ. ಓದುವಾಗ ಈ ವಾದ ಅತಿಯಾಯಿತು ಅನಿಸಿತ್ತು. ಈಗಲೂ ಒಂದು ತಕರಾರು ಇದೆ. ಎಲ್ಲವನ್ನೂ ಪರೀಕ್ಷಿಸಿಯೇ ನಂಬುವುದಾದರೆ ಬಸ್ ಹತ್ತುವುದಕ್ಕೂ ಆಗುವುದಿಲ್ಲ. ವಿಲಿಯಂ ಜೇಮ್ಸ್ 1896ರ ಉಪನ್ಯಾಸದಲ್ಲಿ ಕ್ಲಿಫರ್ಡ್‌ನನ್ನು ಎದುರಿಸಿದ್ದು ಇಂಥ ಅಸಹನೆಯಿಂದಲೇ. ಆಧಾರ ಸಿಗುವವರೆಗೂ ಕಾಯುತ್ತ ಕೂರಲಾಗದ ಸಂದರ್ಭಗಳಿವೆ ಎಂದ. ಆದರೆ ಜೇಮ್ಸ್ ವಿನಾಯಿತಿ ಕೊಟ್ಟದ್ದು ಬುದ್ಧಿಯಿಂದ ತೀರ್ಮಾನಿಸಲಾಗದ ಪ್ರಶ್ನೆಗಳಿಗೆ. ನನ್ನದು ಐದು ನಿಮಿಷದ ಕೆಲಸವಾಗಿತ್ತು. ಬೇರೊಂದು ಕಂಪ್ಯೂಟರಿನಲ್ಲಿ ಖಾತೆ ತೆರೆದು, ಒಂದು ಫೈಲನ್ನು ಇಳಿಸಿಕೊಂಡು, ಹಾಡು ಕೇಳಿಸುತ್ತದೆಯೇ ಎಂದು ನೋಡಿದ್ದರೆ ಸಾಕಿತ್ತು. ಒಮ್ಮೆಯೂ ನೋಡಲಿಲ್ಲ. ಏಕೆಂದರೆ ಕೆಟ್ಟ ಸುದ್ದಿ ಏನೂ ಬಂದಿರಲಿಲ್ಲ.

ಸುದ್ದಿ ಬಾರದಿರುವುದನ್ನು ಒಳ್ಳೆಯ ಸುದ್ದಿ ಎಂದುಕೊಳ್ಳುವುದು ನನ್ನಂಥ ಸಾಹಿತ್ಯದ ವಿದ್ಯಾರ್ಥಿಗಳ ರೋಗವಷ್ಟೇ ಅಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಕಂಪನಿಯಲ್ಲಿ ಎಂಜಿನಿಯರ್ ಒಬ್ಬರು ಕಣ್ತಪ್ಪಿನಿಂದ ಮುಖ್ಯ ದತ್ತಾಂಶವನ್ನೇ ಅಳಿಸಿಬಿಟ್ಟರು. ಬ್ಯಾಕಪ್ ಹುಡುಕಿದರೆ ಅದು ಇರಬೇಕಾದ ಜಾಗ ಖಾಲಿ. ನಿತ್ಯದ ಬ್ಯಾಕಪ್ ವಿಫಲವಾಗುತ್ತಿತ್ತು. ಹಾಗೆಂದು ತಿಳಿಸುವ ಇಮೇಲುಗಳೂ ಸರಿಯಾದ ದೃಢೀಕರಣವಿಲ್ಲವೆಂದು ತಿರಸ್ಕೃತವಾಗುತ್ತಿದ್ದವು. ಆರು ಗಂಟೆಗಳ ಹಿಂದೆ ಬೇರೆ ಕಾರಣಕ್ಕೆ ತೆಗೆದಿಟ್ಟಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಇದನ್ನೆಲ್ಲ ಮುಚ್ಚಿಡದೆ ಆ ಕಂಪನಿಯೇ ಬರೆದು ಪ್ರಕಟಿಸಿತು. ಅದಕ್ಕಾಗಿ ನನಗೆ ಅವರ ಮೇಲೆ ಗೌರವ.

ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ ಅತ್ತಿಮಬ್ಬೆಯನ್ನು ಪರೀಕ್ಷೆಗಳಲ್ಲಿ ಎಷ್ಟೋ ಸಲ ‘ದಾನಚಿಂತಾಮಣಿ’ ಎಂದು ಬರೆದು ಅಂಕ ಪಡೆದಿದ್ದೇನೆ. ಈಗ ಅದರಲ್ಲಿ ನನಗೆ ಕಾಣುವುದು ಇನ್ನೊಂದು: ಅವಳು ಸಾವಿರ ಪ್ರತಿಗಳನ್ನೂ ತನ್ನ ಮನೆಯಲ್ಲಿ ಪೇರಿಸಿಡಲಿಲ್ಲ. ಬೇರೆಯವರ ಕೈಗೆ ಕೊಟ್ಟಳು. ನಾನೋ, ಒಂದು ಮನೆಯ ಹಾಡನ್ನು ಆ ಮನೆಗೇ ಒಂದು ಪ್ರತಿ ಕೊಡದೆ ಹೊತ್ತು ತಂದಿದ್ದೆ. ಜೋಪಾನದ ಮಾತು ಬಂದಾಗ ನನಗೆ ಹೊಳೆದದ್ದು ಕಂಪನಿಯೊಂದರ ಸರ್ವರ್. ಅಜ್ಜಿಯ ಪಡಸಾಲೆ ಅಲ್ಲ.

ಸೆಪ್ಟೆಂಬರಿನಲ್ಲಿ ಪೆನ್‌ಡ್ರೈವ್ ತೆಗೆದುಕೊಂಡು ಊರಿಗೆ ಹೋದೆ. ಅವರ ಟಿವಿಗೆ ಚುಚ್ಚಿದರೆ ವೇವ್ ಫೈಲು ಓದಲಿಲ್ಲ. ಜಗಲಿಯಲ್ಲಿ ಕೂತು ಎಲ್ಲವನ್ನೂ ಎಂಪಿ3 ಮಾಡಿ ಮತ್ತೆ ಚುಚ್ಚಿದೆ. ಅಜ್ಜಿಯ ದನಿ ಬಂತು. ಎರಡನೆಯ ಪದದ ನಡುವೆ ಅಜ್ಜಿ ಹಾಡು ನಿಲ್ಲಿಸಿ, “ಇದ್ನೆಲ್ಲ ಜ್ವಾಪಾನವಾಗಿ ಮಡೀಕತೀಯೇನವ್ವ?” ಎನ್ನುತ್ತಾರೆ. “ಹೂಂ ಅಜ್ಜಿ, ಎಲ್ಲ ತಾನೇ ಮೇಲೆ ಹೋಗಿಬಿಡುತ್ತೆ” ಎನ್ನುತ್ತದೆ ನನ್ನ ದನಿ.

“ಮೇಲೆ ಅಂದ್ರೆ ಎಲ್ಲಿಗವ್ವ?” ಎಂದು ಸೊಸೆ ನಕ್ಕರು.

ಆಗ ಅವರಿಗೆ ಎರಡು ತಿಂಗಳ ಕತೆ ಹೇಳಿದೆ. ಫೋನಿನಲ್ಲಿ ‘ಅವೆ’ ಎಂದಾಗ ನನಗೆ ಗೊತ್ತಿರಲಿಲ್ಲ ಎಂದೂ ಹೇಳಿದೆ. ಅವರು ಟಿವಿಯ ಕಡೆಯೇ ನೋಡುತ್ತ ಕೇಳಿಸಿಕೊಂಡರು. ಆಮೇಲೆ, ಮಾತಿನ ಗಲಾಟೆಯಲ್ಲಿ ಒಂದು ಸೊಲ್ಲು ತಪ್ಪಿಹೋಯಿತು, ಮೊದಲಿಂದ ಹಾಕು ಎಂದರು.