ಇಂದಿನ ಚಿಂತನೆ: ಉತ್ತರ ಒತ್ತುವ ಬೆರಳು ಯಾರದು?



ಬಳ್ಳಾರಿ ಗಾಂಧಿನಗರದ ನಮ್ಮ ಮನೆಯಲ್ಲಿ ಮಗಳು ಎಲ್‌ಎಲ್‌ಆರ್ ಪರೀಕ್ಷೆಗೆ ಓದುತ್ತಿದ್ದಾಳೆ. "ಏಜೆಂಟಿಗೆ ರೊಕ್ಕ ಕೊಟ್ರೆ ಆತನೇ ಉತ್ತರ ಒತ್ತುತಾನಂತೆ, ಅಪ್ಪಾ" ಎಂದಳು. ತಕ್ಷಣ ಬೇಡ ಎನ್ನಲು ಬಾಯಿ ಬರಲಿಲ್ಲ. ನನ್ನ ಲೈಸೆನ್ಸೂ ಹಾಗೇ ಬಂದದ್ದು.

ಸುಳ್ಳಿನಿಂದ ಮುರಿಯುವುದು ನಾಲ್ಕನೇ ಶೀಲ ಎಂದುಕೊಂಡಿದ್ದೆ. ಆದರೆ ಜೀಬ್ರಾ ಪಟ್ಟೆಯಲ್ಲಿ ದಾಟುವವರಿಗೆ ಮೊದಲು ದಾರಿ ಬಿಡಬೇಕೆಂದು ಅರಿಯದವನು ಗಾಡಿ ಹಿಡಿದರೆ, ಪ್ರಾಣಕ್ಕೆ ಸಂಬಂಧಿಸಿದ ಮೊದಲ ಶೀಲಕ್ಕೇ ಅಪಾಯ.

ಐದನೇ ಶೀಲದಲ್ಲಿ ಬರುವ ಪಾಲಿಯ 'ಪಮಾದ'ವೇ ನಮ್ಮ 'ಪ್ರಮಾದ'. ಅದಕ್ಕೆ ಮದ್ದು 'ಅಪ್ಪಮಾದ', ಅಂದರೆ ಎಚ್ಚರ. ಪಾಸಾಗಲು ಶೇ. 60 ಉತ್ತರ ಸಾಕು. ರಸ್ತೆಗೆ ಪೂರ್ತಿ ಎಚ್ಚರ ಬೇಕು. ಅದನ್ನು ಇನ್ನೊಬ್ಬರ ಬೆರಳಿಂದ ಒತ್ತಿಸಲಾಗದು.

ನಿನ್ನೆ ರಾತ್ರಿ ಮಗಳ ಪಕ್ಕ ಕೂತು ನಾನೂ ಚಿಹ್ನೆಗಳನ್ನು ಓದಿದೆ. ಎಷ್ಟೋ ಗೊತ್ತೇ ಇರಲಿಲ್ಲ.

ಇಂದು ಗಾಡಿ ಶುರು ಮಾಡುವ ಮುನ್ನ ಮೂರು ಉಸಿರು ಗಮನಿಸೋಣ.

ಎಲ್ಲರಿಗೂ ಮಂಗಳವಾಗಲಿ 🪷