ರುದ್ರನಾಟಕವೂ ಕರ್ಮವಿಚಾರವೂ

ಗ್ರೀಕರ ರುದ್ರನಾಟಕಗಳನ್ನು ನಮ್ಮ ವಿದ್ಯಾರ್ಥಿಗಳಿಗೆ ಪರಿಚಯ ಮಾಡಿಕೊಡಲು ಹೊರಟವನು ಮೊದಲು ಎದುರಿಸಬೇಕಾದ ಪ್ರಶ್ನೆ ಒಂದೇ: “ಅವನು ಮಾಡಿದ ತಪ್ಪೇನು?” ಥೀಬ್ಸ್ ನಗರದ ದೊರೆ ಈಡಿಪಸನು ತಂದೆಯೆಂದರಿಯದೆ ತಂದೆಯನ್ನು ಕೊಂದು, ತಾಯಿಯೆಂದರಿಯದೆ ತಾಯಿಯ ಕೈಹಿಡಿದು, ಕಡೆಗೆ ತಾನೇ ನಡೆಸಿದ ವಿಚಾರಣೆಯಿಂದ ನಿಜವನ್ನು ತಿಳಿದು ಕಣ್ಣು ಕಿತ್ತುಕೊಂಡನೆಂದು ಹೇಳಿದೊಡನೆ ಹುಡುಗರು ಇದನ್ನು ಕೇಳಿಯೇ ತೀರುತ್ತಾರೆ. ಈ ಪ್ರಶ್ನೆ ಕೇವಲ ಹುಡುಗರದೆಂದು ಭಾವಿಸಬಾರದು. ಅದು ನಮ್ಮ ಮನೆಗಳ ಜಗಲಿಯಿಂದ ಅವರ ಜೊತೆಯಲ್ಲಿ ಶಾಲೆಗೆ ಬಂದದ್ದು. ನೆರೆಮನೆಯಲ್ಲಿ ಎಳೆಯ ಮಗುವೊಂದು ತೀರಿಕೊಂಡರೆ “ಯಾವ ಜನ್ಮದ ಕರ್ಮವೋ” ಎಂದು ನಾವು ಆಡುವುದನ್ನು ಅವರು ಕೇಳಿದ್ದಾರೆ. ಫಲವಿದ್ದ ಮೇಲೆ ಬೀಜವಿರಬೇಕು, ದುಃಖವಿದ್ದ ಮೇಲೆ ಪಾಪವಿರಬೇಕು ಎಂಬುದು ಅವರು ನಮ್ಮಿಂದಲೇ ಕಲಿತ ತರ್ಕ.

ಪರೀಕ್ಷೆಗೆಂದು ಅಚ್ಚಾಗುವ ಟಿಪ್ಪಣಿಗಳು ಈ ತರ್ಕಕ್ಕೆ ಮತ್ತಷ್ಟು ನೀರೆರೆಯುತ್ತವೆ. ಈಡಿಪಸನಿಗೆ ಅಹಂಕಾರ, ಅಂತಿಗೊನೆಗೆ ಹಠ, ಏಜಾಕ್ಸನಿಗೆ ಗರ್ವ ಎಂದು ಒಬ್ಬೊಬ್ಬರಿಗೆ ಒಂದೊಂದು ದೋಷವನ್ನು ಹಂಚಿಕೊಟ್ಟು ಕೈತೊಳೆದುಕೊಳ್ಳುವುದು ವಾಡಿಕೆ. (ಟಿಪ್ಪಣಿಕಾರನಿಗೆ ದೋಷವೊಂದು ಸಿಕ್ಕದಿದ್ದರೆ ನಿದ್ರೆ ಬಾರದು.) ಇದಕ್ಕೆಲ್ಲ ಆಧಾರವಾಗಿ ಅರಿಸ್ಟಾಟಲನು ಹೇಳಿದ ‘ಹಮಾರ್ತಿಯಾ’ ಎಂಬ ಮಾತನ್ನು ತೋರಿಸುತ್ತಾರೆ. ಆದರೆ ಆ ಪದದ ಮೂಲಾರ್ಥ ಪಾಪವೂ ಅಲ್ಲ, ಸ್ವಭಾವದೋಷವೂ ಅಲ್ಲ. ಎಸೆದ ಆಯುಧವು ಗುರಿ ತಪ್ಪುವುದು. ಇದನ್ನು ತಿಳಿಸಲು ನಮಗೆ ಅಥೆನ್ಸಿನವರೆಗೆ ಹೋಗುವ ಶ್ರಮವೇ ಬೇಡ. ದಶರಥನು ಕತ್ತಲಲ್ಲಿ ಶಬ್ದವೇಧಿಯಾಗಿ ಬಾಣ ಬಿಟ್ಟನು. ಬಾಣವೇನೋ ಗುರಿ ತಪ್ಪಲಿಲ್ಲ, ಶಬ್ದ ಬಂದ ಎಡೆಗೇ ಹೋಗಿ ನಾಟಿತು. ಆನೆಯೆಂದು ತಿಳಿದದ್ದು ಕುರುಡು ತಂದೆತಾಯಿಗಳಿಗೆ ನೀರು ತುಂಬುತ್ತಿದ್ದ ಬಾಲಕನಾಗಿತ್ತು, ಅಷ್ಟೇ. ದಶರಥನಲ್ಲಿ ದ್ವೇಷವಿರಲಿಲ್ಲ, ತಿಳಿದು ಮಾಡಿದ ಅಪರಾಧವೂ ಇರಲಿಲ್ಲ. ಆದರೂ ಆ ಬಾಣ ಅವನ ಮುಪ್ಪಿನವರೆಗೆ ಅವನನ್ನು ಅಟ್ಟಿಕೊಂಡು ಬಂದಿತು. ಧರ್ಮಶಾಸ್ತ್ರಗಳು ಅಜ್ಞಾನಕೃತವಾದ ಕರ್ಮವನ್ನು ಜ್ಞಾನಕೃತವಾದದ್ದರಿಂದ ಬೇರ್ಪಡಿಸಿ ಪ್ರಾಯಶ್ಚಿತ್ತವನ್ನು ಲಘುವಾಗಿಸುತ್ತವೆ. ರುದ್ರನಾಟಕವು ಹಿಡಿಯುವುದು ಆ ಲೆಕ್ಕವು ಮುಗಿದ ಮೇಲೂ ಉಳಿಯುವ ಭಾರವನ್ನು. ಸೊಫೊಕ್ಲಿಸನು ತನ್ನ ಕಡೆಯ ನಾಟಕದಲ್ಲಿ ಮುದುಕನಾದ ಈಡಿಪಸನನ್ನು ಮತ್ತೆ ರಂಗಕ್ಕೆ ತಂದು, “ನಾನು ತಿಳಿಯದೆ ಮಾಡಿದೆ, ನಾನು ನಿರ್ದೋಷಿ” ಎಂಬ ವಾದವನ್ನು ಅವನಿಂದಲೇ ಮಾಡಿಸುತ್ತಾನೆ. ವಾದವು ಸರಿಯಾದದ್ದೇ. ಕಣ್ಣು ಮಾತ್ರ ಹಿಂದಿರುಗಲಿಲ್ಲ.

ಹಾಗಾದರೆ ಕರ್ಮಸಿದ್ಧಾಂತವು ಸುಳ್ಳೆಂದು ಮಕ್ಕಳಿಗೆ ಹೇಳಬೇಕೋ ಎಂದು ಹಿರಿಯರು ಕೇಳಿಯಾರು. ಅದು ನನ್ನ ಅಭಿಪ್ರಾಯವಲ್ಲ. ಕಾರಣವುಂಟೆಂದು ನಂಬುವುದು ಬೇರೆ, ಇದೇ ಕಾರಣವೆಂದು ಬೆರಳಿಟ್ಟು ತೋರಿಸುವುದು ಬೇರೆ. ಕರ್ಮದ ಗತಿ ಗಹನವೆಂದು ಗೀತೆಯೇ ಹೇಳಿರುವಾಗ, ನೆರೆಯವನ ದುಃಖದ ಬೀಜವನ್ನು ಕಂಡೆನೆಂದು ಹೇಳಲು ನಮಗೆ ಯಾರು ಅಧಿಕಾರ ಕೊಟ್ಟರು? “ಇದು ನನ್ನ ಕರ್ಮ” ಎಂದು ದುಃಖಿಯು ತಾನೇ ಹೇಳಿಕೊಂಡರೆ ಅದರಲ್ಲಿ ಧೈರ್ಯವಿದೆ, ಸಹನೆಯಿದೆ. “ಅದು ನಿನ್ನ ಕರ್ಮ” ಎಂದು ನೋಡುವವನು ಹೇಳಿದರೆ ಅದೇ ಮಾತು ಕಲ್ಲಾಗುತ್ತದೆ. ಸಿದ್ಧಾಂತ ಒಂದೇ, ಪುರುಷವಾಚಕ ಸರ್ವನಾಮ ಮಾತ್ರ ಬದಲಾಯಿತು. ವ್ಯಾಕರಣದ ಅಷ್ಟು ಸಣ್ಣ ವ್ಯತ್ಯಾಸದಲ್ಲಿ ಧರ್ಮವೇ ಅಧರ್ಮವಾಗುತ್ತದೆ. ಯವನಕವಿಗಳನ್ನು ನಮ್ಮ ಮಕ್ಕಳು ಓದಬೇಕೆಂದು ನಾನು ಹೇಳುವುದು ಮುಖ್ಯವಾಗಿ ಇದಕ್ಕಾಗಿ. ಆ ನಾಟಕಗಳು ನೋಡುವವನಿಗೆ ತೀರ್ಪುಗಾರನ ಪೀಠವನ್ನು ಕೊಡುವುದಿಲ್ಲ.

ಅಲ್ಲಿ ನೋಡುವವರ ಪ್ರತಿನಿಧಿಯಾಗಿ ರಂಗದ ಮೇಲೆಯೇ ಒಂದು ಮೇಳವಿರುತ್ತದೆ. ಮೊದಲು ಹನ್ನೆರಡು ಮಂದಿ, ಅನಂತರ ಹದಿನೈದು ಮಂದಿ. ಮೊಗವಾಡ ಧರಿಸಿ ಹಾಡಿ ಕುಣಿಯುವವರು. ಪಾತ್ರಗಳು ಬಂದು ಹೋಗುತ್ತಿದ್ದರೂ ಮೇಳವು ಒಮ್ಮೆ ಬಂದರೆ ಸಾಮಾನ್ಯವಾಗಿ ಕೊನೆಯವರೆಗೆ ಹೋಗುವುದಿಲ್ಲ. ಕಣ್ಣು ಕಳೆದುಕೊಂಡು ಬಂದ ದೊರೆಯನ್ನು ನೋಡಲಾರೆವೆಂದು ಥೀಬ್ಸಿನ ವೃದ್ಧರು ಮುಖ ತಿರುಗಿಸುತ್ತಾರೆ, ಬಿಟ್ಟು ಹೋಗುವುದಿಲ್ಲ. ಸೊಫೊಕ್ಲಿಸನ ‘ಏಜಾಕ್ಸ್’ ನಾಟಕದಲ್ಲಿ ಮಾತ್ರ ಮೇಳವು ನಾಯಕನನ್ನು ಹುಡುಕಲು ರಂಗವನ್ನು ಬಿಟ್ಟು ತೆರಳುತ್ತದೆ, ಆ ಬರಿದಾದ ರಂಗದಲ್ಲಿಯೇ ಏಜಾಕ್ಸನು ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ. ಜೊತೆಯಲ್ಲಿ ನಿಲ್ಲುವವರು ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ಅಂತರವೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ?

ಈ ನಾಟಕಗಳು ದೀಪ ಆರಿಸಿದ ಕೊಠಡಿಯಲ್ಲಿ ನಡೆದುವಲ್ಲ. ವಸಂತಕಾಲದಲ್ಲಿ ಡಯೊನೈಸಸ್ ದೇವನ ಉತ್ಸವ, ಕೋಟೆಬೆಟ್ಟದ ತೆಂಕಣ ಇಳಿಜಾರು, ಹಗಲು ಬೆಳಕು, ನೆರೆದ ಊರು. ಒಬ್ಬೊಬ್ಬ ಕವಿಯೂ ಮೂರು ರುದ್ರನಾಟಕಗಳನ್ನೂ ಒಂದು ವಿನೋದನಾಟಕವನ್ನೂ ಒಪ್ಪಿಸಿ ಸ್ಪರ್ಧಿಸಬೇಕು. ಮೇಳದ ಖರ್ಚು ಧನಿಕನೊಬ್ಬನ ಪಾಲಿಗೆ. ತೊಣ್ಣೂರಿನ ಸೀಮೆಯ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಫಾಲ್ಗುಣದಲ್ಲಿ ಮೇಲುಕೋಟೆಯ ವೈರಮುಡಿಗೆ ಬೆಟ್ಟದ ಮೇಲೆ ನೆರೆಯುವ ಜನವನ್ನು ಅವರು ಬಲ್ಲರು. ಮೊಗವಾಡವೆಂದರೆ ಸೋಮನ ಕುಣಿತವನ್ನು ನೆನೆದಾರು. ಮೇಳವೆಂದರೆ ಮೂಡಲಪಾಯದ ಭಾಗವತನನ್ನೂ ಹಿಮ್ಮೇಳವನ್ನೂ ನೆನೆದಾರು. ಹೋಲಿಕೆ ಪೂರ್ಣವಲ್ಲ, ಬಾಗಿಲು ತೆರೆಯುವುದಕ್ಕೆ ಸಾಕು.

ನಮ್ಮ ನಾಟ್ಯಶಾಸ್ತ್ರವು ಮರಣವನ್ನೂ ರಾಜ್ಯಭ್ರಂಶವನ್ನೂ ರಂಗದಲ್ಲಿ ಪ್ರತ್ಯಕ್ಷವಾಗಿ ತೋರಿಸಬಾರದೆಂದು ವಿಧಿಸಿರುವುದರಿಂದ ಇಂಥ ನಾಟಕ ನಮಗೆ ಒಗ್ಗದೆಂದು ಪಾಠಶಾಲೆಗಳಲ್ಲಿ ಹೇಳುವುದುಂಟು. ಆದರೆ ಗಣಪತಿಶಾಸ್ತ್ರಿಗಳು ತಿರುವನಂತಪುರದಲ್ಲಿ 1912ರಲ್ಲಿ ಪ್ರಕಟಪಡಿಸಿದ ‘ಊರುಭಂಗ’ದಲ್ಲಿ ದುರ್ಯೋಧನನು ಸಭಿಕರ ಕಣ್ಣೆದುರಿಗೇ ಪ್ರಾಣ ಬಿಡುತ್ತಾನೆ. ಕನ್ನಡದಲ್ಲಿ ಈ ದಾರಿಯನ್ನು ತೆರೆದವರು ನಮ್ಮ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಹೆಸರನ್ನು ಹೊತ್ತ ಬಿ. ಎಂ. ಶ್ರೀಕಂಠಯ್ಯನವರು (1884–1946). ರನ್ನನ ಕಾವ್ಯದಿಂದ ‘ಗದಾಯುದ್ಧ ನಾಟಕ’ವನ್ನು 1926ರಲ್ಲಿ ಕಟ್ಟಿಕೊಟ್ಟರು. 1929ರ ‘ಅಶ್ವತ್ಥಾಮನ್’ ನಾಟಕದಲ್ಲಿ ಸೊಫೊಕ್ಲಿಸನ ಏಜಾಕ್ಸನನ್ನು ದ್ರೋಣಪುತ್ರನನ್ನಾಗಿ ಮಾಡಿ, ಪುರಾಣವು ಚಿರಂಜೀವಿಯೆಂದ ಅವನನ್ನು ತನ್ನ ಕೈಯಿಂದಲೇ ಸಾಯಿಸಿದರು. ಚಿರಂಜೀವಿಗೆ ಸಾವೇ ಎಂಬ ಆಕ್ಷೇಪಕ್ಕೆ ಬಲವಿಲ್ಲದಿಲ್ಲ. ನನ್ನ ಮಟ್ಟಿಗೆ, ಮಾಡಿದ್ದನ್ನು ನೆನೆಯುತ್ತ ಸಾಯದೆ ಅಲೆಯುವ ಪುರಾಣದ ಅಶ್ವತ್ಥಾಮನೇ ಹೆಚ್ಚು ರುದ್ರನೆಂದು ತೋರುತ್ತದೆ.

1935ರಲ್ಲಿ ಅವರು ಕನ್ನಡಿಸಿದ ‘ಪಾರಸಿಕರು’ ನಾಟಕವನ್ನು ನಮ್ಮವರು ಸಾಕಷ್ಟು ಓದಿಲ್ಲವೆಂದು ನನಗೆ ಕೊರಗು. ಕ್ರಿ. ಪೂ. 480ರಲ್ಲಿ ಸಲಾಮಿಸ್ ಜಲಸಂಧಿಯಲ್ಲಿ ಗ್ರೀಕರು ಪಾರಸಿಕರ ನೌಕಾಬಲವನ್ನು ಮುರಿದರು. ಎಂಟೇ ವರ್ಷಗಳ ಮೇಲೆ, ಮಾರಥಾನ್ ಕಾಳಗದಲ್ಲಿ ತಾನೇ ಕಾದಿದ್ದ ಈಸ್ಕಿಲಸನು ಆ ಗೆಲುವನ್ನು ನಾಟಕ ಮಾಡಿದನು. ರಂಗದಲ್ಲಿ ಗ್ರೀಕನೊಬ್ಬನೂ ಇಲ್ಲ! ಇರುವವರು ಶತ್ರುವಿನ ತಾಯಿ, ಶತ್ರುವಿನ ಮಂತ್ರಿವೃದ್ಧರು, ಹರಿದ ಬಟ್ಟೆಯಲ್ಲಿ ಹಿಂದಿರುಗಿದ ದೊರೆ ಕ್ಸೆರ್ಕ್ಸಸ್. ಪಾರಸಿಕರು ಸುಟ್ಟ ಊರಿನವರು ಕುಳಿತು ಪಾರಸಿಕರ ಅಳಲನ್ನು ಕೇಳಿದರು. ಅದರಲ್ಲಿ ಗೆದ್ದವರ ಹೆಮ್ಮೆಯೂ ಬೆರೆತಿತ್ತು, ನಿಜ. ಆದರೂ ನಮ್ಮ ಶ್ರೀರಂಗಪಟ್ಟಣವನ್ನು ನೆನೆದು ನೋಡಿ. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಮಡಿದನು. ಮರುವರ್ಷವೇ ಲಂಡನ್ನಿನಲ್ಲಿ ರಾಬರ್ಟ್ ಕೆರ್ ಪೋರ್ಟರನು ಲಗ್ಗೆಯ ಬೃಹತ್ ಚಿತ್ರಪಟವನ್ನು ಪ್ರದರ್ಶನಕ್ಕಿಟ್ಟನು. ಅಲ್ಲಿ ಕಂಡದ್ದು ಏರುವವರ ಪರಾಕ್ರಮ. ಒಳಗಿನವರ ಮನೆಗಳಲ್ಲಿ ಆ ಸಂಜೆ ಏನಾಯಿತೆಂದು ಕೇಳುವ ಈಸ್ಕಿಲಸನು ಅವರಿಗೆ ಹುಟ್ಟಲಿಲ್ಲ. ನಮಗಾದರೂ ಹುಟ್ಟಿದನೇ?

ಪಾಠಕ್ರಮದ ಮಾತು. ಈಡಿಪಸನಿಂದ ಆರಂಭಿಸುವುದು ಬೇಡ. ಪಾಂಡವಪುರಕ್ಕೂ ತೊಣ್ಣೂರಿಗೂ ಸಮೀಪದ ಕುಂತಿಬೆಟ್ಟದಿಂದ ಆರಂಭಿಸಬೇಕೆಂದು ನನ್ನ ಸಲಹೆ. ಆ ಬೆಟ್ಟದ ಹೆಸರಿನ ತಾಯಿಯೂ ಹೆತ್ತ ಮಗುವನ್ನು ಬಿಟ್ಟವಳು. ಯುದ್ಧ ಮುಗಿದು ಗಂಗೆಯಲ್ಲಿ ತರ್ಪಣ ಕೊಡುವಾಗ, ಕರ್ಣನಿಗೂ ನೀರು ಬಿಡು, ಅವನು ನಿನ್ನ ಅಣ್ಣ ಎಂದು ಕುಂತಿ ಧರ್ಮರಾಯನಿಗೆ ಹೇಳುತ್ತಾಳೆ. ಈಡಿಪಸನಂತೆಯೇ ಅವನಿಗೂ ಎಲ್ಲವೂ ಮುಗಿದ ಮೇಲೆ ಅರಿವು. ಅವನ ತಪ್ಪೇನೆಂದು ಇಲ್ಲಿ ಹುಡುಗರು ಕೇಳುವುದಿಲ್ಲ; ಧರ್ಮರಾಯನನ್ನು ಅವರು ಬಲ್ಲರು. ಆಮೇಲೆ ಶಾಂತಿಪರ್ವದ ಆರಂಭವನ್ನು ಓದಿಸಬೇಕು. ದ್ಯೂತಸಭೆಯಲ್ಲಿ ಕರ್ಣನ ಕಟುನುಡಿಗಳನ್ನು ಕೇಳಿ ಎದ್ದ ಕೋಪ ಅವನ ಪಾದಗಳನ್ನು ನೋಡಿದೊಡನೆ ಇಳಿದುಹೋಯಿತೆಂದೂ, ಅವು ತಾಯಿಯ ಪಾದಗಳಂತೆ ಇದ್ದುವೆಂದೂ, ಆ ಸಾದೃಶ್ಯಕ್ಕೆ ಕಾರಣವನ್ನು ಎಷ್ಟು ಹುಡುಕಿದರೂ ಕಾಣದೆ ಹೋದೆನೆಂದೂ ಧರ್ಮರಾಯನು ನಾರದನಿಗೆ ಹೇಳುತ್ತಾನೆ. ಈಡಿಪಸನೆಂಬ ಹೆಸರಿಗೆ ಊದಿದ ಪಾದದವನೆಂದು ಅರ್ಥ. ಹುಟ್ಟಿದ ಮಗುವಿನ ಹರಡುಗಳನ್ನು ಚುಚ್ಚಿ ಬೆಟ್ಟಕ್ಕೆ ಎಸೆಯಲು ಕಳುಹಿಸಿದಾಗ ಆದ ಗಾಯದ ಗುರುತು ಅದು. ವರ್ಷಗಟ್ಟಲೆ ಜೊತೆಯಲ್ಲಿ ಬಾಳಿದ ಹೆಂಡತಿ ಆ ಪಾದಗಳನ್ನು ದಿನವೂ ನೋಡಿದ್ದಳು.