ಸಂಚಾರಿ ದೂರವಾಣಿಯೂ ಭೋಗೋಪಭೋಗ ಪರಿಮಾಣವೂ

2025ರ ಶ್ರಾವಣದಲ್ಲಿ ನನ್ನ ಹಳೆಯ ಮೊಬೈಲು ಕೆಟ್ಟು, ಹೊಸದನ್ನು ಕೊಳ್ಳಬೇಕಾಯಿತು. ಮೊಮ್ಮಗನೊಡನೆ ಅಂಗಡಿಗೆ ಹೋದಾಗ ಅಲ್ಲಿದ್ದ ತರುಣನು, "ಯಜಮಾನರೇ, ದಿನಕ್ಕೆ ಎಷ್ಟು ಡೇಟಾ ಬೇಕು?" ಎಂದು ಕೇಳಿದನು. ಎಷ್ಟೋ ಚಾತುರ್ಮಾಸಗಳಲ್ಲಿ ಬಸದಿಯಲ್ಲಿ ಶ್ರಾವಕಾಚಾರವನ್ನು ಓದಿ ಹೇಳಿದ ನನಗೆ ಆ ಸರಳ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಧಾನ್ಯಕ್ಕೆ, ಬಟ್ಟೆಗೆ, ಭೂಮಿಗೆ, ಬಂಗಾರಕ್ಕೆ ಪರಿಮಾಣ ಮಾಡಿಕೊಂಡಿದ್ದೆನು; ಇದಕ್ಕೆ ಮಾಡಿಕೊಂಡಿರಲಿಲ್ಲ. "ಅಜ್ಜನಿಗೆ ದಿನಕ್ಕೆ ಎರಡು ಜಿಬಿ ಹಾಕಿರಿ" ಎಂದು ಮೊಮ್ಮಗನೇ ನಿರ್ಣಯಿಸಿದನು.

ಒಮ್ಮೆ ಅನುಭವಿಸಿ ಬಿಡತಕ್ಕದ್ದು ಭೋಗವೆಂದೂ, ಮತ್ತೆ ಮತ್ತೆ ಅನುಭವಿಸತಕ್ಕದ್ದು ಉಪಭೋಗವೆಂದೂ ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಭಾಗಿಸಿದ್ದಾರೆ. ಅನ್ನವು ಭೋಗ, ವಸ್ತ್ರವು ಉಪಭೋಗ. ಅಂತೆಯೇ ಮೊಬೈಲು ಉಪಭೋಗ, ಡೇಟಾ ಭೋಗ. (ತತ್ತ್ವಾರ್ಥಸೂತ್ರದ ಪರಂಪರೆಯಲ್ಲಿ ಇವಕ್ಕೆ ಉಪಭೋಗ, ಪರಿಭೋಗ ಎಂಬ ಹೆಸರುಗಳುಂಟು, ಹೆಸರಿಗಾಗಿ ವಾದ ಬೇಡ.) ಎರಡಕ್ಕೂ ಬೇರೆ ಬೇರೆ ವಿಚಾರ ಬೇಕು.

ಮೊಬೈಲಿನ ವಿಚಾರ ಅಷ್ಟು ಕಠಿನವಲ್ಲ. ವಸ್ತ್ರ ಕೊಳ್ಳುವವನು ಬಾಳಿಕೆಯನ್ನು ನೋಡುವಂತೆ ಇಲ್ಲಿಯೂ ಬಾಳಿಕೆಯನ್ನು ನೋಡಬೇಕು. ಕ್ಯಾಮೆರಾ ಎಂತಹುದೆಂದು ಕೇಳುವುದಕ್ಕೆ ಮೊದಲು, ಸುರಕ್ಷತೆಯ ಅಪ್‌ಡೇಟ್‌ಗಳನ್ನು ತಯಾರಕರು ಎಷ್ಟು ವರ್ಷ ಕೊಡುವರೆಂದು ಕೇಳತಕ್ಕದ್ದು. ಅವು ನಿಂತ ಮೇಲೆ ಮೊಬೈಲು ಗಟ್ಟಿಯಾಗಿದ್ದರೂ ಬ್ಯಾಂಕಿನ ವ್ಯವಹಾರಕ್ಕೆ ಭದ್ರವಲ್ಲ. ದುಬಾರಿಯವುಗಳಲ್ಲಿ ಕೆಲವಕ್ಕೆ ಏಳು ವರ್ಷಗಳ ಭರವಸೆಯುಂಟು; ಅಗ್ಗದವುಗಳಲ್ಲಿ ಎರಡು ಮೂರು ವರ್ಷಕ್ಕೇ ಮುಗಿಯುವವೂ ಉಂಟು. ಬೇಗ ಬೇಗ ಬದಲಿಸುವುದರಲ್ಲಿ ಹಣದ ಹಾನಿಯೊಂದೇ ಇಲ್ಲ. ಬ್ಯಾಟರಿಗಳಿಗೆ ಬೇಕಾದ ಕೋಬಾಲ್ಟನ್ನು ತೆಗೆಯುವ ಕಾಂಗೋ ದೇಶದ ಗಣಿಗಳಲ್ಲಿ ಮಕ್ಕಳು ದುಡಿಯುತ್ತಿರುವುದನ್ನು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯು 2016ರಲ್ಲಿ ವರದಿ ಮಾಡಿತು. ಲೋಭದಿಂದ ಎತ್ತುಗಳನ್ನು ಶಕ್ತಿಮೀರಿ ನಡೆಸುವ ಅತಿವಾಹನವನ್ನು ಪರಿಗ್ರಹಪರಿಮಾಣದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಅದನ್ನು ಓದಿದವರು ಆ ಮಕ್ಕಳನ್ನು ನೆನೆಯದಿರಲಾರರು.

ಅದೇ ಎಣಿಕೆಯಲ್ಲಿ ವಿಸ್ಮಯವೂ ಒಂದು. ಪರರ ಸಂಪತ್ತನ್ನು ಕಂಡು ಬೆರಗಾಗುವುದು. ನಾನು 5ಜಿ ಮೊಬೈಲನ್ನು ಕೊಂಡದ್ದಕ್ಕೆ ಬೇರೆ ಕಾರಣವಿಲ್ಲ. 2022ರ ಅಕ್ಟೋಬರಿನಲ್ಲಿ ನಮ್ಮ ದೇಶದಲ್ಲಿ ಆರಂಭವಾದ ಆ ಸೇವೆ ನಮ್ಮ ಬೀದಿಯಲ್ಲಿ ಇನ್ನೂ ಸರಿಯಾಗಿ ಸಿಗದು. ಪಕ್ಕದ ಮನೆಯವರಲ್ಲಿ ಅಂತಹ ಮೊಬೈಲು ಇತ್ತು.

ಡೇಟಾದ ವಿಚಾರವೇ ಸೂಕ್ಷ್ಮವಾದುದು. ದಿನಕ್ಕೆ ಇಷ್ಟೆಂದು ಕೊಡುವ ಯೋಜನೆಯಲ್ಲಿ ಉಳಿದದ್ದು ನಡುರಾತ್ರಿಗೆ ಸಾಮಾನ್ಯವಾಗಿ ಲಯವಾಗುತ್ತದೆ. ಇದನ್ನು ತಿಳಿದಂದಿನಿಂದ ನನಗೆ ಹೊಸದೊಂದು ಚಿಂತೆ ಹತ್ತಿತು. ಹಣ ಕೊಟ್ಟದ್ದು ವ್ಯರ್ಥವಾಗಬಾರದೆಂದು ರಾತ್ರಿ ಮಲಗುವ ಮುನ್ನ ಎಷ್ಟು ಉಳಿದಿದೆಯೆಂದು ನೋಡುವುದು, ಉಳಿದದ್ದನ್ನು ಖರ್ಚು ಮಾಡಲು ಏನಾದರೂ ವೀಡಿಯೋ ಹಾಕಿಕೊಳ್ಳುವುದು. ಮೊದಲು ಪ್ರವಚನ, ಆಮೇಲೆ ಯಾರದೋ ಅಡುಗೆ, ಆಮೇಲೆ ಯಾರದೋ ಜಗಳ. ಅನರ್ಥದಂಡದ ಭೇದಗಳಲ್ಲಿ ದುಃಶ್ರುತಿಯ ಲಕ್ಷಣವನ್ನು ನಾನೇ ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು. ಸೂರ್ಯಾಸ್ತದ ಮೇಲೆ ನೀರನ್ನೂ ಮುಟ್ಟದ ಮನೆಯಲ್ಲಿ ಹನ್ನೆರಡು ಗಂಟೆಯ ತನಕ ಕಣ್ಣಿಗೆ ಊಟ ನಡೆಯುತ್ತಿತ್ತು. ಎರಡು ಜಿಬಿ ಎಂಬುದೂ ಒಂದು ಮಿತಿಯೇ ಅಲ್ಲವೇ ಎಂದು ಕೇಳಬಹುದು. ಅದು ಮಾರುವವನು ಹಾಕಿದ ಮಿತಿ. ಅದು ಮುಗಿದು ವೇಗ ಕುಗ್ಗಿದಾಗ ನಾನು ತ್ಯಾಗ ಮಾಡಿದವನಾಗಿರಲಿಲ್ಲ, ಬೇಸರಗೊಂಡವನಾಗಿದ್ದೆನು, ಅಷ್ಟೆ. ಮಾರುವವನ ತಿಂಗಳಾದರೂ 28 ದಿನಗಳದು. ಹಾಗೆ ಲೆಕ್ಕ ಹಾಕಿದರೆ ವರ್ಷಕ್ಕೆ ಹದಿಮೂರು ಸಲ ಹಣ ಕಟ್ಟಬೇಕು. 30 ದಿನಗಳ ಯೋಜನೆಯೊಂದಾದರೂ ಇರತಕ್ಕದ್ದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2022ರಲ್ಲಿ ಆದೇಶಿಸಿತು. ಆದರೆ ಕೇಳದೆ ಅದನ್ನು ಯಾರೂ ತೋರಿಸುವುದಿಲ್ಲ.

ಈ ಅಭ್ಯಾಸದಿಂದ ನಾಚಿಕೆಗೊಂಡು ದಶಲಕ್ಷಣ ಪರ್ವದಲ್ಲಿ ಒಂದು ನಿಯಮ ಮಾಡಿಕೊಂಡೆನು: ಅನಂತಚತುರ್ದಶಿಯ ಉಪವಾಸದಂದು ಮೊಬೈಲನ್ನು ಪೂರ್ಣವಾಗಿ ಆರಿಸಿಡುವುದು. ಹಾಗೆಯೇ ಮಾಡಿದೆನು, ಮನಸ್ಸು ಪ್ರಸನ್ನವಾಗಿತ್ತು. ಮರುದಿನ ಪಾರಣೆಯಾದ ಮೇಲೆ ತೆರೆದು ನೋಡಿದರೆ ಸೋದರ ಸೊಸೆ ಹನ್ನೊಂದು ಸಲ ಕರೆದಿದ್ದಳು. ನನ್ನ ತಂಗಿ ಹಿತ್ತಿಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಶಸ್ತ್ರಚಿಕಿತ್ಸೆಯ ಮುಂಗಡಕ್ಕೆ ನೆರೆಯವರು ಹಣ ಹೊಂದಿಸಿದ್ದರು. ನಾನು ಹೋಗಿ ಮಂಚದ ಬಳಿ ನಿಂತಾಗ ಸೊಸೆ ಹೇಳಿದಳು: "ನಿಮ್ಮ ಮನೆಗೆ ಆಳು ಕಳಿಸೋಣ ಎಂದೆ, ಮಾವ. ಅಣ್ಣನ ವ್ರತಕ್ಕೆ ಭಂಗ ಬರಬಾರದು, ಬೇಡ ಎಂದು ಅಮ್ಮನೇ ತಡೆದಳು."

ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಾನು ಆಚರಿಸಿದ್ದು ವ್ರತವೋ, ಪ್ರಮಾದವೋ?

ದೇಶವ್ರತದ ಅತಿಚಾರಗಳನ್ನು ತತ್ತ್ವಾರ್ಥಸೂತ್ರದಲ್ಲಿ ಮತ್ತೆ ತೆಗೆದು ನೋಡಿದೆನು. ಎಲ್ಲೆಯ ಹೊರಗಿನಿಂದ ವಸ್ತುವನ್ನು ತರಿಸುವುದು, ಆಳನ್ನು ಕಳಿಸುವುದು, ಹೊರಗಿದ್ದವರಿಗೆ ದನಿ ಕೇಳಿಸುವುದು, ರೂಪ ತೋರಿಸುವುದು, ಕಲ್ಲು ಮೊದಲಾದುವನ್ನು ಎಸೆಯುವುದು. ಶಬ್ದಾನುಪಾತ, ರೂಪಾನುಪಾತ ಎಂಬ ಮಾತುಗಳು ಇಂದಿನ ಕರೆಯನ್ನೂ ವೀಡಿಯೋ ಕರೆಯನ್ನೂ ಕಂಡೇ ಹೇಳಿದಂತಿವೆ. ಮನೆಯಲ್ಲಿ ಕುಳಿತೇ ಮೊಬೈಲಿನಿಂದ ಸಾಮಾನು ತರಿಸುವುದು ಆನಯನವಲ್ಲದೆ ಮತ್ತೇನು? ಇದರಿಂದ ನಾನು ಆರಿಸಿಟ್ಟದ್ದೇ ಸರಿಯೆಂದು ಮೊದಲು ಸಮಾಧಾನಪಟ್ಟೆನು. ಆದರೆ ಈ ಐದರಲ್ಲಿಯೂ ವ್ರತಿಯು ಕಾಲನ್ನು ಒಳಗಿಟ್ಟುಕೊಂಡು ತನ್ನ ಕಾರ್ಯವನ್ನು ಹೊರಗೆ ಸಾಧಿಸಿಕೊಳ್ಳುತ್ತಾನೆ. ದೋಷವಿರುವುದು ಆ ಉಪಾಯದಲ್ಲಿ. ಹೊರಗಿನಿಂದ ಬರುವ ಪರರ ಆರ್ತಸ್ವರಕ್ಕೆ ಕಿವಿಗೊಡುವುದು ಈ ಐದರಲ್ಲಿ ಎಲ್ಲಿಯೂ ಇಲ್ಲ. ಬಸದಿಯ ಹಿರಿಯರೊಬ್ಬರು, "ಇಂದು ತಂಗಿ, ನಾಳೆ ಸ್ನೇಹಿತ, ನಾಡಿದ್ದು ಸಂತೆಯ ಸುದ್ದಿ, ಒಂದು ಸಲ ಸಡಿಲಿಸಿದರೆ ನಿಲ್ಲುವುದೆಲ್ಲಿ?" ಎಂದು ಆಕ್ಷೇಪಿಸಿದರು. ಅವರ ಭಯ ನಿರಾಧಾರವಲ್ಲ. ಆದರೂ ನನ್ನ ಎಣಿಕೆಯೇ ತಲೆಕೆಳಗಾಗಿತ್ತೆಂದು ನನಗೆ ತೋರುತ್ತದೆ. ಮುಚ್ಚಬೇಕಾದ ಡೇಟಾ ಪ್ರತಿರಾತ್ರಿ ತೆರೆದಿತ್ತು. ತೆರೆದಿರಬೇಕಾದ ಕರೆಯನ್ನು ಪರ್ವದಿನ ಮುಚ್ಚಿದೆನು. ನೋವು ಬಿದ್ದದ್ದು ತಂಗಿಯ ಪಾಲಿಗೆ, ಪ್ರಸನ್ನತೆ ನನ್ನ ಪಾಲಿಗೆ.

ಡೇಟಾ ಇಲ್ಲದೆ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಯೋಜನೆಗಳು, ಪ್ರಾಧಿಕಾರದ 2024ರ ಡಿಸೆಂಬರಿನ ನಿಯಮದಂತೆ, 2025ರ ಜನವರಿಯಲ್ಲಿ ಬಂದವು. ಅವುಗಳಲ್ಲಿ ಒಂದನ್ನು ಹಾಕಿಸಿಕೊಳ್ಳುವ ಮನಸ್ಸಾಗಿತ್ತು. ಆದರೆ ಸೊಸೆ ಕಳಿಸುವ ಔಷಧಿಯ ಚೀಟಿ, ಅವಳಿಗೆ ನಾನು ಕಳಿಸುವ ಹಣ, ಇವಕ್ಕೆ ಸ್ವಲ್ಪ ಡೇಟಾ ಬೇಕೇ ಬೇಕು. ಕಡೆಗೆ ಇಡೀ 28 ದಿನಗಳಿಗೆ ಒಟ್ಟು ಎರಡು ಜಿಬಿ ಇರುವುದನ್ನು ಆರಿಸಿಕೊಂಡೆನು. ಉಳಿದದ್ದು ನಡುರಾತ್ರಿಗೆ ಹೋಗುವುದಿಲ್ಲ. ಕಾಲದ ಅವಧಿಯುಳ್ಳ ತ್ಯಾಗ ನಿಯಮ, ಜೀವವಿರುವ ತನಕದ್ದು ಯಮ ಎಂದು ಸಮಂತಭದ್ರರು ಹೇಳಿದ್ದಾರೆ, ನನ್ನದು ನಿಯಮ. ಪ್ರತಿಸಲ ರೀಚಾರ್ಜ್ ಮಾಡಿಸುವಾಗ ಪುನಃ ಸಂಕಲ್ಪಿಸುತ್ತೇನೆ. ಮೊದಲ ಅವಧಿಯಲ್ಲಿ ಹತ್ತೊಂಬತ್ತನೆಯ ದಿನಕ್ಕೇ ಮುಗಿಸಿಬಿಟ್ಟೆನು. ಎರಡನೆಯದರಲ್ಲಿ ಸ್ವಲ್ಪ ಉಳಿಯಿತು. ಅಷ್ಟಮಿ, ಚತುರ್ದಶಿಗಳಂದು ಡೇಟಾ ಮುಚ್ಚಿರುತ್ತದೆ, ಕರೆ ತೆರೆದಿರುತ್ತದೆ.

ಮೊನ್ನೆಯ ಚತುರ್ದಶಿಯ ಸಂಜೆ, ಸಾಮಾಯಿಕ ಮುಗಿಸಿ ಏಳುವಷ್ಟರಲ್ಲಿ ಗಂಟೆ ಬಾರಿಸಿತು. ತಂಗಿಯೇ. ಏನಾಯಿತೆಂದು ಗಾಬರಿಯಿಂದ ಕೇಳಿದೆನು.

"ಏನೂ ಇಲ್ಲ ಅಣ್ಣಾ. ಎತ್ತುತ್ತೀಯೋ ಇಲ್ಲವೋ ಎಂದು ನೋಡಿದೆ" ಎಂದಳು.